ಹಾಲಿನ ಕವರಿನ ಮೇಲೆ ನಾಲ್ಕು ಸಾಲು ಜಾಗ ಕೊಡಿ: ಕರ್ನಾಟಕ ಹಾಲು ಮಹಾಮಂಡಳಕ್ಕೆ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ವ್ಯವಸ್ಥಾಪಕ ನಿರ್ದೇಶಕರು,
ಕರ್ನಾಟಕ ಹಾಲು ಮಹಾಮಂಡಳ, ಬೆಂಗಳೂರು

ಮಾನ್ಯರೇ,

ನಾನು ತಿಪಟೂರಿನಲ್ಲಿ ದಿನಸಿ ಅಂಗಡಿ ನಡೆಸುತ್ತೇನೆ. ನಮ್ಮ ಬೀದಿಯ ನಂದಿನಿ ಹಾಲು ಬೆಳಗ್ಗೆ ನಮ್ಮ ಅಂಗಡಿ ಮುಂದೆಯೇ ಇಳಿಯುತ್ತದೆ. ನಾನು ಕೇಳುವುದು ಇಷ್ಟು. ದಿನಾ ಮಾರುವ ಮಾಮೂಲಿ ಹಾಲಿನ ಕವರಿನ ಮೇಲೆ, ಪಶು ಆಹಾರದ ಚೀಲದ ಮೇಲೆ, ಕ್ಯಾನ್ಸರಿನ ಮೊದಲ ಲಕ್ಷಣ ಏನು, ಕಂಡರೆ ಎಲ್ಲಿ ತೋರಿಸಬೇಕು ಅಂತ ನಾಲ್ಕು ಸಾಲು ಅಚ್ಚು ಹಾಕಿಸಿ. ಅದಕ್ಕಾಗಿ ಬೆಲೆ ಜಾಸ್ತಿ ಮಾಡಬೇಡಿ. ಗುಲಾಬಿ ಬಣ್ಣದ ಸ್ಪೆಷಲ್ ಪ್ಯಾಕ್ ತರಬೇಡಿ. ಫೆಬ್ರವರಿ 4ರ ವಿಶ್ವ ಕ್ಯಾನ್ಸರ್ ದಿನಕ್ಕೋ ಸ್ತನ ಕ್ಯಾನ್ಸರ್ ಜಾಗೃತಿಯ ಅಕ್ಟೋಬರ್ ತಿಂಗಳಿಗೋ ಮಾಡಿ ಮುಗಿಸಬೇಡಿ. ವರ್ಷವಿಡೀ ಇರಲಿ.

ಸೋಪಿನ ಕಂಪನಿಯನ್ನೋ ಬಿಸ್ಕತ್ತಿನ ಕಂಪನಿಯನ್ನೋ ಬಿಟ್ಟು ನಿಮ್ಮನ್ನೇ ಯಾಕೆ ಕೇಳುತ್ತೇನೆ ಅಂತ ಹೇಳುತ್ತೇನೆ.

ನಮ್ಮ ಅಂಗಡಿಗೆ ಬರುತ್ತಿದ್ದ ಒಬ್ಬ ಅಕ್ಕ ಸೀಮೆಹಸು ಸಾಕಿ ಊರಿನ ಡೇರಿಗೆ ಹಾಲು ಹಾಕುತ್ತಿದ್ದರು. ಕರೆಯುವ ಮೊದಲು ಕೆಚ್ಚಲು ತೊಳೆದು, ಕೈಯಲ್ಲಿ ಮುಟ್ಟಿ ನೋಡಿ, ಮೊದಲ ಒಂದೆರಡು ಧಾರೆಯನ್ನು ಬೇರೆ ಬಟ್ಟಲಿಗೆ ಬಿಡುವುದು ಅವರ ರೂಢಿ. ಹಾಲಿನಲ್ಲಿ ಗರಣೆ ಕಂಡರೆ, ಕೆಚ್ಚಲಿನ ಒಂದು ಕಡೆ ಗಟ್ಟಿ ಅನ್ನಿಸಿದರೆ, ಅವತ್ತೇ ಪಶು ಡಾಕ್ಟರಿಗೆ ಫೋನ್ ಹೋಗುತ್ತಿತ್ತು. ಕೆಚ್ಚಲು ಬಾವು ತಡ ಮಾಡಿದರೆ ಕೈ ಮೀರುತ್ತದೆ ಅಂತ ಅವರಿಗೆ ಕಲಿಸಿದ್ದು ನಿಮ್ಮ ಸಂಘ. ಎಷ್ಟು ಲೀಟರಿಗೆ ಎಷ್ಟು ಫೀಡ್ಸ್ ಹಾಕಬೇಕು ಅನ್ನುವುದು ಚೀಲದ ಮೇಲೆ ಓದಿ ಓದಿ ಬಾಯಿಪಾಠ ಆಗಿತ್ತು.

ಅದೇ ಅಕ್ಕನ ಎದೆಯಲ್ಲಿ ಒಂದು ಗಂಟು ಬಂತು. ಯಾರಿಗೂ ಹೇಳಲಿಲ್ಲ. "ನೋವೇ ಇರ್ಲಿಲ್ಲ ಕಣಮ್ಮ, ನೋವಾದ್ರೆ ತೋರ್ಸೋಣ ಅಂತ ಸುಮ್ನಿದ್ದೆ" ಅಂತ ಆಮೇಲೆ ನನ್ನ ಹತ್ತಿರ ಹೇಳಿದರು. ರಾಗಿ ಕಟಾವು ಮುಗಿಯಲಿ, ಮಗಳ ಬಾಣಂತನ ಮುಗಿಯಲಿ ಅಂತ ದಿನ ತಳ್ಳಿದರು. ಗಂಟು ಒಡೆದು ಹುಣ್ಣಾದ ಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋದರು. ಅಷ್ಟರಲ್ಲಿ ಕಾಯಿಲೆ ಮೂಳೆಗೂ ಹರಡಿತ್ತು. ಅವರು ಉಳಿಯಲಿಲ್ಲ.

ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಈ ಒಂದು ವಾಕ್ಯ ಆ ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಹಸುವಿನ ಬಗ್ಗೆ ಅಷ್ಟೆಲ್ಲ ತಲುಪಿಸಿದ ಸಂಘ, ಆ ಹಸು ಸಾಕುವ ಹೆಂಗಸಿನ ಮೈ ಬಗ್ಗೆಯೂ ನಾಲ್ಕು ಮಾತು ತಲುಪಿಸಬಹುದು. ನಿಮ್ಮಿಂದ ಆಗುವಷ್ಟು ಸುಲಭವಾಗಿ ಬೇರೆ ಯಾರಿಂದಲೂ ಆಗುವುದಿಲ್ಲ. ರಾಜ್ಯದಲ್ಲಿ ನಿಮ್ಮ ಹಳ್ಳಿ ಸಂಘಗಳೇ 14,000ಕ್ಕೂ ಹೆಚ್ಚಿವೆ. 2024ರ ಜೂನ್ ಕೊನೆಯಲ್ಲಿ ಒಂದು ದಿನದ ಹಾಲು ಸಂಗ್ರಹ 1 ಕೋಟಿ ಲೀಟರ್ ಮುಟ್ಟಿತು. ಹಾಲು ಹಾಕುವವರ ಮನೆಗೂ ಹಾಲು ಕೊಳ್ಳುವವರ ಮನೆಗೂ ದಿನಾ ಹೋಗಿಬರುವ ಇಂಥ ಇನ್ನೊಂದು ಸಂಸ್ಥೆ ಈ ರಾಜ್ಯದಲ್ಲಿ ಇಲ್ಲ.

2022ನೇ ಇಸವಿ ಒಂದರಲ್ಲೇ ಭಾರತದಲ್ಲಿ ಸುಮಾರು 1,92,000 ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತು, 98,000 ಜನ ತೀರಿಕೊಂಡರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜು. ಗರ್ಭಕೊರಳಿನ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ಸುಮಾರು 1,27,000 ಹೆಂಗಸರಿಗೆ ಬಂತು, ಸುಮಾರು 80,000 ಜನ ಹೋದರು. ತುಟಿ ಮತ್ತು ಬಾಯಿಯ ಕ್ಯಾನ್ಸರ್ ಗಂಡಸರು ಹೆಂಗಸರು ಸೇರಿ 1,43,000ಕ್ಕೂ ಹೆಚ್ಚು. ಈ ಮೂರನ್ನೂ ಬೇಗ ಪತ್ತೆ ಹಚ್ಚುವುದಕ್ಕೆ ದೊಡ್ಡ ಯಂತ್ರ ಬೇಕೇ ಬೇಕು ಅಂತಿಲ್ಲ. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ನೋಡಿದರು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಕಡಿಮೆಯಾಯಿತು ಅಂತ 2005ರಲ್ಲಿ ವರದಿ ಬಂತು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಕೊಳೆಗೇರಿಗಳಲ್ಲಿ ಕೆಲಸ ಶುರು ಮಾಡಿದರು. ಹತ್ತನೇ ತರಗತಿ ಓದಿದ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ವಿನೆಗರ್‌ನಂಥ ದ್ರಾವಣ ಹಚ್ಚಿ ಗರ್ಭಕೊರಳನ್ನು ಪರೀಕ್ಷೆ ಮಾಡಿಸಿದರು. ಅಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಸಾವು ಶೇ. 31ರಷ್ಟು ಇಳಿಯಿತು. ನೋಡುವ ಕಣ್ಣು, ಮುಟ್ಟುವ ಕೈ ಇದ್ದರೆ ಇಷ್ಟು ಜೀವ ಉಳಿಯುತ್ತದೆ. ಆದರೆ ತೋರಿಸಿಕೊಳ್ಳಲು ಜನ ಬರಬೇಕಲ್ಲ!

ಕವರಿನ ಮೇಲೆ ಬರೆದದ್ದನ್ನು ಯಾರು ಓದುತ್ತಾರೆ ಅಂತ ನೀವು ಕೇಳಬಹುದು. ಓದುತ್ತಾರೆ ಸರ್. ಬೆಳಗ್ಗೆ ಕ್ರೇಟಿನಿಂದ ಕವರ್ ಎತ್ತಿಕೊಂಡ ಕೂಡಲೇ ತಿರುಗಿಸಿ ಡೇಟ್ ನೋಡುವವರೇ ಜಾಸ್ತಿ. ಮನೆಯಲ್ಲಿ ಹಾಲು ಬಗ್ಗಿಸಿಕೊಂಡ ಮೇಲೂ ಆ ಕವರ್ ಕಸಕ್ಕೆ ಹೋಗುವುದಿಲ್ಲ. ತೊಳೆದು, ಸಿಂಕಿನ ಪಕ್ಕದ ಗೋಡೆಗೆ ಅಂಟಿಸಿ ಒಣಗಿಸಿ, ಕಟ್ಟು ಕಟ್ಟಿ ಹಳೇ ಪೇಪರಿನವನಿಗೆ ಹಾಕುತ್ತಾರೆ. ಅಡುಗೆಮನೆಯಲ್ಲಿ ಹೆಂಗಸು ನಿಂತುಕೊಳ್ಳುವ ಜಾಗದಲ್ಲೇ, ಅವಳ ಕಣ್ಣೆದುರಿಗೇ ಅದು ಅಷ್ಟು ಹೊತ್ತು ಇರುತ್ತದೆ. ಫೀಡ್ಸ್ ಚೀಲವಂತೂ ವರ್ಷಗಟ್ಟಲೆ ಮನೆಯಲ್ಲಿರುತ್ತದೆ. ಮೆಣಸಿನಕಾಯಿ ಒಣಗಿಸಲು ಹಾಸುತ್ತಾರೆ, ಬಿಚ್ಚಿ ಹೊಲಿದು ಬಚ್ಚಲಿಗೆ ಪರದೆ ಮಾಡುತ್ತಾರೆ, ಕೊಬ್ಬರಿ ತುಂಬುತ್ತಾರೆ.

ಪೊಟ್ಟಣದ ಮೇಲಿನ ಜಾಗಕ್ಕೆ ಎಷ್ಟು ಬೆಲೆ ಅಂತ ಚೆನ್ನಾಗಿ ಗೊತ್ತಿರುವುದು ಸಿಗರೇಟು ಕಂಪನಿಗಳಿಗೆ. 2016ರ ಏಪ್ರಿಲ್‌ನಿಂದ ತಂಬಾಕಿನ ಪ್ಯಾಕಿನ ಎರಡೂ ಬದಿಯಲ್ಲಿ ಶೇ. 85ರಷ್ಟು ಜಾಗ ಎಚ್ಚರಿಕೆಯ ಚಿತ್ರಕ್ಕೆ ಹೋಯಿತು. ಅದನ್ನು ತೆಗೆಸಲು ಅವರು ಕೋರ್ಟಿಗೆ ಹೋದರು. ನಮ್ಮ ಹೈಕೋರ್ಟು 2017ರ ಡಿಸೆಂಬರ್‌ನಲ್ಲಿ ಆ ನಿಯಮ ರದ್ದು ಮಾಡಿತು. ಮರು ತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. 2018ರ ಸೆಪ್ಟೆಂಬರ್‌ನಿಂದ ಚಿತ್ರದ ಜೊತೆಗೆ, ತಂಬಾಕು ಬಿಡಲು ಸಹಾಯ ಮಾಡುವ 1800-11-2356 ನಂಬರೂ ಬಂತು. ಯಾರೂ ಓದದ ಜಾಗವಾಗಿದ್ದರೆ ಅಷ್ಟು ದೊಡ್ಡ ಕಂಪನಿಗಳು ಅದಕ್ಕಾಗಿ ಲಾಯರ್ ಇಟ್ಟು ಹೋರಾಡುತ್ತಿರಲಿಲ್ಲ, ಅಲ್ವಾ?

ಆದರೆ ಆ ಚಿತ್ರ ಎಲ್ಲರಿಗೂ ತಲುಪುವುದಿಲ್ಲ. ನಮ್ಮ ಕಡೆ ಹಳ್ಳಿಯಲ್ಲಿ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಹೆಂಗಸರು ತುಂಬ ಜನ ಇದ್ದಾರೆ. ಕಳೆ ಕೀಳುವಾಗ, ಸಗಣಿ ಬಾಚುವಾಗ ದವಡೆಯಲ್ಲಿ ಒಂದು ಉಂಡೆ ಇರಲೇಬೇಕು. ಅವರು ಸಂತೆಯಲ್ಲಿ ಹೊಗೆಸೊಪ್ಪು ಕೊಂಡರೆ ಹಳೇ ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ. ಅದಕ್ಕೆ ಪ್ಯಾಕೇ ಇಲ್ಲ. ಪ್ಯಾಕ್ ಇಲ್ಲದ ಮೇಲೆ ಚಿತ್ರ ಎಲ್ಲಿಂದ ಬರಬೇಕು? ಬಿಡಿ ಸಿಗರೇಟಿನದೂ ಇದೇ ಕಥೆ ಆಗಿತ್ತು. ಅದಕ್ಕೇ ನಮ್ಮ ರಾಜ್ಯದಲ್ಲಿ ಬಿಡಿಯಾಗಿ ಮಾರಬಾರದು ಅಂತ 2025ರಲ್ಲಿ ಕಾನೂನು ಜಾರಿಯಾಯಿತು. ಹೊಗೆಸೊಪ್ಪು ಹಾಕುವ ಅಜ್ಜಿಯ ಕಣ್ಣಿಗೆ ದಿನಾ ಬೀಳುವ, ಅಚ್ಚಾದ ಅಕ್ಷರ ಇರುವ ವಸ್ತು ಅಂದರೆ ನಿಮ್ಮ ಫೀಡ್ಸ್ ಚೀಲ. ಅಜ್ಜಿಗೆ ಓದು ಬರದಿದ್ದರೂ ಮೊಮ್ಮಗಳಿಗೆ ಬರುತ್ತದೆ. ಅಡಿಕೆಯ ವಿಷಯವನ್ನೂ ಹೇಳಿಬಿಡುತ್ತೇನೆ, ಅಡಿಕೆ ಬೆಳೆಯುವ ಸೀಮೆಯ ಪಕ್ಕದಲ್ಲೇ ಇದ್ದುಕೊಂಡು. ತಂಬಾಕು ಇಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅದೇ ಕ್ಯಾನ್ಸರ್ ಸಂಶೋಧನಾ ವಿಭಾಗದವರು 2004ರಲ್ಲೇ ಪ್ರಕಟಿಸಿದ್ದಾರೆ. ಅಗಿದು ಅಗಿದು ಬಾಯಿ ಪೂರ್ತಿ ತೆರೆಯಲಾಗದೆ ಇರುವವರನ್ನು ನಾವೆಲ್ಲ ನೋಡಿದ್ದೇವೆ. ಬೆಳೆಗಾರರಿಗೆ ಬೇಸರವಾಗುತ್ತದೆ ಅಂತ ಇದನ್ನು ಮುಚ್ಚಿಡುವುದು ಸರಿಯಲ್ಲ.

ಈಗ ಗುಲಾಬಿ ಪ್ಯಾಕಿನ ವಿಷಯ. ಅದು ಬೇಡ ಅಂತ ಮೊದಲೇ ಹೇಳಿದೆ, ಕಾರಣ ಕೊಡಬೇಕು. ಸ್ತನ ಕ್ಯಾನ್ಸರ್ ಜಾಗೃತಿಯ ಗುರುತು ಅಂದರೆ ಗುಲಾಬಿ ರಿಬ್ಬನ್, ಅದರ ಕಥೆಯಿಂದಲೇ ಶುರು ಮಾಡುತ್ತೇನೆ.

1990ರ ದಶಕದ ಶುರುವಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಷಾರ್ಲೆಟ್ ಹೇಲಿ ಅನ್ನುವ ಒಬ್ಬ ಹಿರಿಯ ಹೆಂಗಸು ಮನೆಯಲ್ಲೇ ಕೂತು ಪೀಚ್ ಹಣ್ಣಿನ ಬಣ್ಣದ ರಿಬ್ಬನ್ ಮಡಚಿ ಹಂಚುತ್ತಿದ್ದರು. ಅವರ ಅಜ್ಜಿ, ಸೋದರಿ, ಮಗಳು ಎಲ್ಲರಿಗೂ ಸ್ತನ ಕ್ಯಾನ್ಸರ್ ಬಂದಿತ್ತು. ರಿಬ್ಬನ್ ಜೊತೆ ಒಂದು ಚೀಟಿ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವರ್ಷದ ಬಜೆಟ್ 180 ಕೋಟಿ ಡಾಲರ್, ಅದರಲ್ಲಿ ಕ್ಯಾನ್ಸರ್ ತಡೆಗಟ್ಟಲು ಹೋಗುವುದು ಶೇ. 5 ಮಾತ್ರ, ನಮ್ಮ ಜನಪ್ರತಿನಿಧಿಗಳನ್ನು ಎಬ್ಬಿಸಿ ಅಂತ ಅದರಲ್ಲಿ ಬರೆದಿತ್ತು. 1992ರಲ್ಲಿ ಒಂದು ಪತ್ರಿಕೆ ಮತ್ತು ಎಸ್ಟೀ ಲಾಡರ್ ಸೌಂದರ್ಯವರ್ಧಕ ಕಂಪನಿ ಸೇರಿ ರಿಬ್ಬನ್ ಹಂಚಲು ಹೊರಟವು. ಹೇಲಿಯವರನ್ನೂ ಜೊತೆಗೆ ಕರೆದರು. ಇದು ವ್ಯಾಪಾರ ಆಗುತ್ತದೆ ಅಂತ ಆಕೆ ಒಪ್ಪಲಿಲ್ಲ. ಕಾನೂನಿನ ತೊಡಕು ಬೇಡ ಅಂತ ಅವರು ಬಣ್ಣ ಬದಲಿಸಿ ಗುಲಾಬಿ ಮಾಡಿಕೊಂಡರು. ಗುಲಾಬಿ ರಿಬ್ಬನ್ ಜಗತ್ತೆಲ್ಲ ಹರಡಿತು. ಚೀಟಿ ಅಲ್ಲೇ ಉಳಿಯಿತು.

ಗುಲಾಬಿ ರಿಬ್ಬನ್ನಿನಿಂದ ಒಳ್ಳೆಯದೇ ಆಗಿಲ್ಲ ಅಂತ ನಾನು ಹೇಳುವುದಿಲ್ಲ. ಅದೇ ಎಸ್ಟೀ ಲಾಡರ್ ಕಂಪನಿಯ ಎವೆಲಿನ್ ಲಾಡರ್ 1993ರಲ್ಲಿ ಕಟ್ಟಿದ ಸ್ತನ ಕ್ಯಾನ್ಸರ್ ಸಂಶೋಧನಾ ಪ್ರತಿಷ್ಠಾನದಿಂದ ಸಂಶೋಧನೆಗೆ ದೊಡ್ಡ ಹಣ ಹೋಗಿದೆ. ಬಾಯಿಬಿಟ್ಟು ಹೇಳಲು ನಾಚಿಕೊಳ್ಳುತ್ತಿದ್ದ ಕಾಯಿಲೆಯ ಬಗ್ಗೆ ಹೆಂಗಸರು ಮಾತಾಡುವಂತಾಯಿತು. ಆದರೆ 2010ರ ಹೊತ್ತಿಗೆ ಅಮೆರಿಕದಲ್ಲಿ ಕೆಎಫ್‌ಸಿಯವರು ಕರಿದ ಕೋಳಿಯನ್ನು ಗುಲಾಬಿ ಬಕೆಟ್ಟಿನಲ್ಲಿ ಮಾರಿ, ಬಕೆಟ್ಟಿಗೆ 50 ಸೆಂಟ್ ಸ್ತನ ಕ್ಯಾನ್ಸರ್ ಸಂಸ್ಥೆಗೆ ಅನ್ನುವ ಮಟ್ಟಕ್ಕೆ ಅದು ಬಂದಿತ್ತು. ಕೊಳ್ಳುವ ಮುಂಚೆ ಯೋಚನೆ ಮಾಡಿ ಅಂತ ಬ್ರೆಸ್ಟ್ ಕ್ಯಾನ್ಸರ್ ಆಕ್ಷನ್ ಸಂಘಟನೆಯವರು 2002ರಿಂದಲೇ ಅಲ್ಲಿ ಹೇಳುತ್ತಾ ಬಂದಿದ್ದರು.

ನಮ್ಮ ಅಂಗಡಿಗೂ ಒಂದು ಅಕ್ಟೋಬರ್‌ನಲ್ಲಿ ಒಂದು ಕಂಪನಿಯ ಗುಲಾಬಿ ಪ್ಯಾಕ್ ಬಂತು. ಲಾಭದ ಒಂದು ಪಾಲು ಕ್ಯಾನ್ಸರ್ ಜಾಗೃತಿಗೆ ಅಂತ ಅಚ್ಚು ಹಾಕಿದ್ದರು. ಗಿರಾಕಿಯೊಬ್ಬರು ಕೇಳಿದರು, ಎಷ್ಟು ಪಾಲು, ಯಾರಿಗೆ ಅಂತ. ಪ್ಯಾಕನ್ನು ಎಲ್ಲ ಕಡೆ ತಿರುಗಿಸಿ ನೋಡಿದೆ. ಇರಲಿಲ್ಲ. ಏಜೆನ್ಸಿಯ ಹುಡುಗನನ್ನು ಕೇಳಿದೆ. ಪಾಪ, ಅವನಿಗೂ ಗೊತ್ತಿರಲಿಲ್ಲ. ಗಂಟು ಕಂಡರೆ ಏನು ಮಾಡಬೇಕು ಅನ್ನುವುದೂ ಆ ಪ್ಯಾಕಿನ ಮೇಲೆ ಎಲ್ಲೂ ಇರಲಿಲ್ಲ. ಬಣ್ಣ ಇತ್ತು, ರಿಬ್ಬನ್ ಇತ್ತು, ಬೆಲೆ ಇತ್ತು. ಇದನ್ನು ಜಾಗೃತಿ ಅಂತ ಕರೆದು ಮಾರಲು ನನಗೆ ಮನಸ್ಸು ಬರಲಿಲ್ಲ.

ಇಂಥ ಪ್ಯಾಕ್ ಕೊಂಡ ಗಿರಾಕಿಗೆ, ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡಿಸುವ 80ಜಿ ರಸೀತಿ ಸಿಗುವುದಿಲ್ಲ, ಯಾಕೆಂದರೆ ಅವರು ಕೊಂಡದ್ದು ಸಾಮಾನು, ಕೊಟ್ಟದ್ದು ದಾನವಲ್ಲ. ತನ್ನ ಮಾಲಿನ ಪ್ರಚಾರಕ್ಕಾಗಿ ಪ್ರಾಯೋಜಿಸುವ ಕೆಲಸವನ್ನು ಕಂಪನಿ ಸಿಎಸ್‌ಆರ್ ಲೆಕ್ಕಕ್ಕೆ, ಅಂದರೆ ಸಮಾಜಕ್ಕಾಗಿ ಮಾಡಬೇಕಾದ ಖರ್ಚಿಗೆ, ಸೇರಿಸುವಂತಿಲ್ಲ ಅಂತ ನಮ್ಮ ಕಂಪನಿ ನಿಯಮದಲ್ಲೇ ಇದೆ. ಇಂಗ್ಲೆಂಡಿನಲ್ಲಿ 1992ರ ದತ್ತಿ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ದತ್ತಿ ಸಂಸ್ಥೆಯ ಹೆಸರಲ್ಲಿ ಸಾಮಾನು ಮಾರುವವರು ಯಾರಿಗೆ, ಎಷ್ಟು ಹಣ ಹೋಗುತ್ತದೆ ಅಂತ ಹೇಳಲೇಬೇಕು. ನಮ್ಮಲ್ಲಿ ಪರಿಸರದ ಹೆಸರಲ್ಲಿ ಸುಳ್ಳು ಹೇಳಿ ಮಾರುವುದನ್ನು ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ತಂದಿತು. ಕಾಯಿಲೆಯ ಹೆಸರಲ್ಲಿ ಮಾರುವುದಕ್ಕೂ ಅಂಥದ್ದೊಂದು ಬೇಕು. ಆ ಪತ್ರವನ್ನು ಅವರಿಗೇ ಬೇರೆ ಬರೆಯುತ್ತೇನೆ.

ಒಂದು ವೇಳೆ ನೀವೇ ದೀಪಾವಳಿಗೆ ಮೈಸೂರು ಪಾಕ್ ಡಬ್ಬಿಯಿಂದಲೋ ಪೇಡದಿಂದಲೋ ಕ್ಯಾನ್ಸರ್ ರೋಗಿಗಳಿಗೆ ಹಣ ಕೂಡಿಸಬೇಕು ಅಂದುಕೊಂಡರೆ, ನಾನು ಸಂತೋಷವಾಗಿ ಮುಂದಿನ ಸಾಲಿನಲ್ಲಿಟ್ಟು ಮಾರುತ್ತೇನೆ. ಆದರೆ ಈ ಡಬ್ಬಿಯಿಂದ ಇಷ್ಟು ರೂಪಾಯಿ, ಇಂಥ ಆಸ್ಪತ್ರೆಗೆ, ಈ ತಾರೀಕಿನವರೆಗೆ ಅಂತ ಡಬ್ಬಿಯ ಮೇಲೇ ಬರೆಸಿ. ಹಬ್ಬ ಕಳೆದ ಮೇಲೆ ಒಟ್ಟು ಎಷ್ಟಾಯಿತು, ಏನು ಮಾಡಿದಿರಿ ಅಂತ ಅದೇ ಡಬ್ಬಿ ಮಾರಿದ ಅಂಗಡಿಗಳಿಗೆ ಒಂದು ಹಾಳೆ ಕಳಿಸಿ, ಅಂಟಿಸುತ್ತೇವೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರಾಯಚೂರು, ಯಾದಗಿರಿಯಂಥ ದೂರದ ಜಿಲ್ಲೆಗಳಿಂದ ಬರುವವರಿಗೆ ವಾರಗಟ್ಟಲೆ ಉಳಿಯುವ ಜಾಗ, ಊಟ, ಬಸ್ ಚಾರ್ಜು ಇವೇ ದೊಡ್ಡ ಕಷ್ಟ. ಬಿಪಿಎಲ್ ಕಾರ್ಡಿನವರ ಚಿಕಿತ್ಸೆಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಇದೆ. ಜೊತೆಗೆ ಬಂದವರ ಖರ್ಚು ಯಾರೂ ಕೇಳುವುದಿಲ್ಲ. ಹಣ ಅಲ್ಲಿಗೆ ಹೋದರೆ ಒಳ್ಳೆಯದು. ಇನ್ನೊಂದು ದಾರಿಯೂ ಇದೆ. ಮುಂಬೈನಲ್ಲಿ 1969ರಿಂದ ಕೆಲಸ ಮಾಡುತ್ತಿರುವ ಕ್ಯಾನ್ಸರ್ ಪೇಷೆಂಟ್ಸ್ ಏಡ್ ಅಸೋಸಿಯೇಷನ್‌ನವರು ರೋಗಿಗಳಿಗೆ ಮತ್ತು ಅವರ ಮನೆಯವರಿಗೆ ಕೆಲಸ ಕಲಿಸಿ, ಅವರು ಮಾಡಿದ ಸಾಮಾನು ಮಾರುತ್ತಾರೆ. ನಿಮ್ಮ ನಂದಿನಿ ಪಾರ್ಲರಿನಲ್ಲಿ ಇಂಥದ್ದಕ್ಕೆ ಒಂದು ಚಿಕ್ಕ ಕಪಾಟು ಕೊಟ್ಟರೆ ಎಷ್ಟು ಚೆನ್ನ.

ಮತ್ತೆ ಕವರಿಗೆ ಬರುತ್ತೇನೆ. ಏನು ಬರೆಸಬೇಕು ಅನ್ನುವುದನ್ನು ಕಿದ್ವಾಯಿಯ ಡಾಕ್ಟರುಗಳೇ ಕೂತು ತೀರ್ಮಾನಿಸಲಿ. ನನ್ನ ಬೇಡಿಕೆ ಭಾಷೆಯ ಬಗ್ಗೆ. ಅಂಗಡಿಗೆ ಬರುವವರು ಆಡುವ ಮಾತಿನಲ್ಲೇ ಇರಲಿ. ಒಂದು ತಿಂಗಳು ಹೀಗೆ: "ಎದೆಯಲ್ಲಿ ಗಂಟು ಸಿಕ್ಕಿತೇ? ನೋವಿಲ್ಲ ಅಂತ ಬಿಡಬೇಡಿ. ತೊಟ್ಟಿನಿಂದ ರಕ್ತ ಬಂದರೂ, ಚರ್ಮ ಒಳಗೆ ಎಳೆದ ಹಾಗಾದರೂ ತೋರಿಸಿ." ಮುಂದಿನ ತಿಂಗಳು ಬಾಯಿಯದು: "ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಕಷ್ಟ." ಆಮೇಲೆ ಗರ್ಭಕೊರಳಿನದು: "ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಹೋದರೆ ತಡ ಮಾಡಬೇಡಿ." ಹಾಲಿನ ಕವರಿನ ಮೇಲೆ ಇದೇನು ಅಂತ ಕೆಲವರು ಮುಖ ಸಿಂಡರಿಸಬಹುದು. ಸಿಂಡರಿಸಲಿ. ಅತ್ತೆಗೂ ಹೇಳಲಾರದೆ, ಗಂಡನಿಗೂ ಹೇಳಲಾರದೆ ಇರುವ ಹೆಂಗಸಿಗೆ ಮನೆಯವರೆಲ್ಲ ಓದಿದ ಆ ಸಾಲನ್ನು ತೋರಿಸಿ ಮಾತು ಶುರು ಮಾಡುವುದು ಸುಲಭ.

ಕೊನೆಗೆ ಎರಡು ಸಾಲು ಯಾವಾಗಲೂ ಇರಲಿ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ, ಹೆದರಬೇಡಿ, ಆದರೆ ತೋರಿಸಿ ಅನ್ನುವುದು ಒಂದು. ಮೂವತ್ತು ದಾಟಿದವರಿಗೆ ಈ ಮೂರೂ ಕ್ಯಾನ್ಸರಿನ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿದೆ, ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ಅನ್ನುವುದು ಇನ್ನೊಂದು. 2016ರಲ್ಲೇ ಕೇಂದ್ರ ಸರ್ಕಾರ ಇದಕ್ಕೆ ಕಾರ್ಯಸೂಚಿ ಮಾಡಿದೆ. ನಮ್ಮ ಅಂಗಡಿಗೆ ಬರುವವರಲ್ಲಿ ಅದು ಗೊತ್ತಿರುವವರು ಬಹಳ ಕಮ್ಮಿ.

ಹಾಲು ಕುಡಿದರೆ, ತುಪ್ಪ ತಿಂದರೆ ಕ್ಯಾನ್ಸರ್ ಬರುವುದಿಲ್ಲ ಅನ್ನುವಂಥ ಒಂದು ಪದವೂ ಅದರ ಜೊತೆ ಸೇರದಂತೆ ದಯವಿಟ್ಟು ನೋಡಿಕೊಳ್ಳಿ. ವಾಟ್ಸಾಪಿನಲ್ಲಿ ಅಂಥದ್ದು ಬೇಕಾದಷ್ಟು ಓಡಾಡುತ್ತಿದೆ.

ಅಚ್ಚು ಬದಲಿಸಲು ಖರ್ಚಾಗುತ್ತದೆ ಅನ್ನುವುದು ನನಗೆ ಗೊತ್ತು. 2024ರ ಜೂನ್‌ನಲ್ಲಿ ಕವರಿಗೆ 50 ಮಿಲಿ ಹಾಲು ಸೇರಿಸಿ 2 ರೂಪಾಯಿ ಏರಿಸಿದಿರಿ. 2025ರ ಏಪ್ರಿಲ್‌ನಲ್ಲಿ ಆ 50 ಮಿಲಿ ಹೋಗಿ ಕವರ್ ಮತ್ತೆ ಅರ್ಧ ಲೀಟರಿಗೆ ಬಂತು. ಎರಡು ಸಲವೂ ಕವರಿನ ಮೇಲಿನ ಅಳತೆ ಬದಲಾಯಿತು, ಹಾಲು ಒಂದು ದಿನವೂ ನಿಲ್ಲಲಿಲ್ಲ. ಮುಂದಿನ ಸಲ ಅಚ್ಚು ಹೇಗೂ ಬದಲಾಗುವಾಗ ಈ ಸಾಲುಗಳೂ ಸೇರಲಿ. ಅಲ್ಲಿಯವರೆಗೆ ಕಾಯುವುದೂ ಬೇಡ ಅನ್ನುವುದಾದರೆ ಡೇರಿಯಿಂದಲೇ ಶುರು ಮಾಡಬಹುದು. ಸಂಜೆ ಹಾಲು ಹಾಕಲು ಬಂದ ಹೆಂಗಸರು ಕ್ಯಾನ್ ಹಿಡಿದು ಸಾಲಲ್ಲಿ ನಿಂತಿರುತ್ತಾರೆ. ಫ್ಯಾಟ್ ಎಷ್ಟು ಬಂತು ಅಂತ ನೋಡಿ, ಚೀಟಿ ತೆಗೆದುಕೊಂಡು ಹೋಗುತ್ತಾರೆ. ಆ ಚೀಟಿಯ ಹಿಂಬದಿ ಖಾಲಿ ಇರುತ್ತದೆ. ಆಶಾ ಕಾರ್ಯಕರ್ತೆ ತಿಂಗಳಿಗೊಂದು ಸಂಜೆ ಅಲ್ಲಿಗೇ ಬಂದರೆ ಹೆಂಗಸರನ್ನು ಹುಡುಕಿಕೊಂಡು ಮನೆಮನೆ ಅಲೆಯಬೇಕಾಗಿಲ್ಲ.

ತುಮಕೂರು ಹಾಲು ಒಕ್ಕೂಟದ ವ್ಯಾಪ್ತಿಯಲ್ಲಿ, ನಮ್ಮ ತಾಲ್ಲೂಕಿನ ಸಂಘಗಳಲ್ಲಿ ಮೊದಲು ಮಾಡಿ ನೋಡಿ. ಚೀಟಿ, ಪೋಸ್ಟರ್ ಏನೇ ಕಳಿಸಿದರೂ ಅಂಗಡಿಯಲ್ಲಿ ಹಚ್ಚುತ್ತೇನೆ, ಓದು ಬಾರದವರಿಗೆ ಓದಿ ಹೇಳುತ್ತೇನೆ. ಯಾವ ಸಾಲು ಜನಕ್ಕೆ ಅರ್ಥವಾಯಿತು, ಯಾವುದು ಆಗಲಿಲ್ಲ ಅಂತ ನಿಮಗೆ ಬರೆದು ತಿಳಿಸುತ್ತೇನೆ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ತಿಪಟೂರಿನ ಒಬ್ಬ ದಿನಸಿ ಅಂಗಡಿಯಾಕೆ